ಹುಟ್ಟಿದಾಗಿನ ತೂಕ, ಅರವತ್ತರ ಹೃದಯ

ಹೆರಿಗೆಯಾಯಿತು ಅನ್ನುವ ಸುದ್ದಿ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಕೇಳುವ ಮೊದಲ ಪ್ರಶ್ನೆ, “ಗಂಡೋ, ಹೆಣ್ಣೋ?” ಎರಡನೆಯದು, “ತಾಯಿ ಮಗು ಚೆನ್ನಾಗಿದ್ದಾರಾ?” ಮೂರನೆಯದು, “ತೂಕ ಎಷ್ಟಂತೆ?” ಮೊದಲಿನ ಎರಡಕ್ಕೆ ಉತ್ತರ ಸಿಕ್ಕ ಮೇಲೆ ಮೂರನೆಯದನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳುವುದಿಲ್ಲ. “ಎರಡೂಕಾಲು ಕೆಜಿಯಂತೆ.” “ಹೋಗ್ಲಿ ಬಿಡಿ, ನಾಲ್ಕು ಸಲ ಎಣ್ಣೆನೀರು ಬಿದ್ದರೆ ತಾನೇ ಮೈ ತುಂಬಿಕೊಳ್ಳುತ್ತೆ” ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮಗು ಮೈ ತುಂಬಿಕೊಳ್ಳುವುದೂ ನಿಜ. ಅಲ್ಲಿಗೆ ಆ ಅಂಕಿ ನರ್ಸಮ್ಮನ ಪುಸ್ತಕದಲ್ಲಿ ಉಳಿದು ಮರೆತುಹೋಗುತ್ತದೆ.

ಆ ಅಂಕಿಗೂ ಐವತ್ತು ಅರವತ್ತು ವರ್ಷಗಳ ನಂತರ ಬರುವ ಎದೆನೋವಿಗೂ ಸಂಬಂಧ ಇದೆ ಅಂದರೆ ನಂಬುತ್ತೀರಾ? ವೈದ್ಯರೇ ಮೊದಮೊದಲು ನಂಬಲಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ನೆಲೆಯಾದ ಒಂದು ಸಂಶೋಧನಾ ಕೇಂದ್ರ ಈ ಮಾತನ್ನು ಎತ್ತಿ, ಅದಕ್ಕೆ ಸಾಕ್ಷಿ ಹುಡುಕುತ್ತಾ ಹೋಯಿತು. ಆ ಸಾಕ್ಷಿಗಳಲ್ಲಿ ನಮ್ಮ ಮೈಸೂರಿನ ಒಂದು ಆಸ್ಪತ್ರೆಯ ಹಳೆಯ ಹೆರಿಗೆ ಪುಸ್ತಕಗಳೂ ಸೇರಿವೆ. ಹಾಗಾಗಿ ಇದು ದೂರದೇಶದ ಸುದ್ದಿಯಾದರೂ ನಮ್ಮ ಅಡುಗೆಮನೆಯವರೆಗೂ ಬರುತ್ತದೆ.

ಧೂಳಿನ ಲೆಕ್ಕದಿಂದ ಒಡಲಿನ ಲೆಕ್ಕಕ್ಕೆ

ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯವರು ಸೌತಾಂಪ್ಟನ್‌ನಲ್ಲಿ ಈ ಕೇಂದ್ರವನ್ನು ತೆರೆದದ್ದು 1979ರಲ್ಲಿ. ಪರಿಸರದಿಂದ ಬರುವ ಕಾಯಿಲೆಗಳ ಎಪಿಡೆಮಿಯಾಲಜಿ ಅದರ ಕೆಲಸ. ಈ ದೊಡ್ಡ ಹೆಸರಿಗೆ ಹೆದರಬೇಡಿ. ಮದುವೆ ಮನೆಯಲ್ಲಿ ಇನ್ನೂರು ಜನ ಉಂಡು, ಸಂಜೆಗೆ ಮೂವತ್ತು ಜನಕ್ಕೆ ವಾಂತಿ ಶುರುವಾಯಿತು ಅನ್ನಿ. “ಪಾಯಸ ತಿಂದವರು ಯಾರು, ತಿನ್ನದವರು ಯಾರು, ಮೊದಲ ಪಂಕ್ತಿಯವರಿಗೆ ಏನೂ ಆಗಲಿಲ್ಲವೇಕೆ” ಎಂದು ಮನೆಯ ಹಿರಿಯಾಕೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುತ್ತಾಳಲ್ಲ, ಅದೇ ಎಪಿಡೆಮಿಯಾಲಜಿ. ಊರಿನ, ದೇಶದ ಲೆಕ್ಕ ಹಿಡಿದು ಕಾಯಿಲೆಯ ಜಾಡು ಹುಡುಕುವ ವಿದ್ಯೆ.

ಕೇಂದ್ರದ ಮೊದಲ ನಿರ್ದೇಶಕರು ಡೊನಾಲ್ಡ್ ಆಚಿಸನ್. ಕುರ್ಚಿ ಮೇಜು ಮಾಡುವ ಕಾರ್ಖಾನೆಗಳಲ್ಲಿ ಮರದ ಧೂಳು ಕುಡಿಯುವ ಕೆಲಸಗಾರರಿಗೆ ಮೂಗಿನೊಳಗೆ ಕ್ಯಾನ್ಸರ್ ಹೆಚ್ಚು ಎಂದು ತೋರಿಸಿದ್ದವರು ಅವರು. ಪರಿಸರ ಎಂದರೆ ಆಗ ಧೂಳು, ಹೊಗೆ, ಕಲ್ನಾರು, ನೀರು, ಗಾಳಿ. ನಾವೂ ಹಾಗೇ ತಿಳಿದಿದ್ದೇವೆ, ಅಲ್ವೆ? ಆಚಿಸನ್ ಸರಕಾರದ ಮುಖ್ಯ ವೈದ್ಯಾಧಿಕಾರಿಯಾಗಿ ಹೋದ ಮೇಲೆ, 1984ರಲ್ಲಿ ಡೇವಿಡ್ ಬಾರ್ಕರ್ ಆ ಕುರ್ಚಿಗೆ ಬಂದರು. ಪರಿಸರ ಅನ್ನುವ ಮಾತಿನ ಅರ್ಥವನ್ನೇ ಅವರು ಒಂದು ಹೆಜ್ಜೆ ಹಿಂದಕ್ಕೆ ಕೊಂಡೊಯ್ದರು. ಮನುಷ್ಯ ವಾಸ ಮಾಡುವ ಮೊದಲ ಜಾಗ ಮನೆಯೂ ಅಲ್ಲ, ತೊಟ್ಟಿಲೂ ಅಲ್ಲ, ತಾಯಿಯ ಒಡಲು. ಅಲ್ಲಿಯ ಗಾಳಿ, ನೀರು, ಅನ್ನ ಹೇಗಿತ್ತು ಎಂದು ಯಾರೂ ಕೇಳಿರಲಿಲ್ಲ.

ಬಾರ್ಕರ್ ಅವರಿಗೆ ಈ ಯೋಚನೆ ಬಂದದ್ದು ಎರಡು ನಕ್ಷೆಗಳಿಂದ. ಹೃದಯದ ಕಾಯಿಲೆ ಅಂದರೆ ತಿಂದುಂಡು ಸುಖವಾಗಿರುವವರ ಕಾಯಿಲೆ ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಡವರು ಹೆಚ್ಚಾಗಿದ್ದ ಊರುಗಳಲ್ಲೇ ಅದರಿಂದ ಸಾಯುವವರು ಹೆಚ್ಚು. ಬಾರ್ಕರ್ ಮತ್ತು ಕ್ಲೈವ್ ಆಸ್ಮಂಡ್ ಅವರು 1968ರಿಂದ 1978ರವರೆಗಿನ ಹೃದ್ರೋಗ ಸಾವುಗಳ ಪಕ್ಕದಲ್ಲಿ, ಅದೇ ಊರುಗಳಲ್ಲಿ 1921ರಿಂದ 1925ರ ನಡುವೆ ಆಗಿದ್ದ ಹಸುಗೂಸುಗಳ ಸಾವಿನ ಲೆಕ್ಕವನ್ನು ಇಟ್ಟು ನೋಡಿದರು. ಎರಡೂ ಹೆಚ್ಚುಕಡಿಮೆ ಕೂಡಿಕೊಂಡವು. ಎಲ್ಲಿ ಹಿಂದೆ ಕೂಸುಗಳು ಹೆಚ್ಚು ಸತ್ತಿದ್ದವೋ, ಅಲ್ಲಿ ಬದುಕಿ ಉಳಿದು ದೊಡ್ಡವರಾದವರಿಗೆ ಮುಂದೆ ಹೃದಯಾಘಾತ. 1986ರಲ್ಲಿ ಇದನ್ನು ಪ್ರಕಟಿಸಿದರು. ಎಷ್ಟೋ ಜನ ತಲೆ ಅಲ್ಲಾಡಿಸಿದರು. ಬಡತನ, ಸಿಗರೇಟು, ಚಳಿ, ಕಾರಣ ಬೇರೆ ಏನು ಬೇಕಾದರೂ ಇರಬಹುದಲ್ಲ? ನ್ಯಾಯವಾದ ಪ್ರಶ್ನೆಯೇ. ಉತ್ತರ ಬೇಕಾದರೆ ಹುಟ್ಟಿದಾಗ ಇಂಥವರು ಇಷ್ಟು ತೂಕ ಇದ್ದರು ಅನ್ನುವ ಹಳೆಯ ದಾಖಲೆ ಬೇಕು. ಅರವತ್ತು ವರ್ಷದ ಹಿಂದೆ ಯಾರು ಬರೆದಿಟ್ಟಿದ್ದಾರು?

ಒಬ್ಬ ಹೆಂಗಸು ಬರೆದಿಟ್ಟಿದ್ದಳು

ಲಂಡನ್ನಿನ ಉತ್ತರಕ್ಕೆ ಹರ್ಟ್‌ಫರ್ಡ್‌ಶೈರ್ ಎಂಬ ಜಿಲ್ಲೆ. ಅಲ್ಲಿ ಸೂಲಗಿತ್ತಿಯರ ಮೇಲ್ವಿಚಾರಣೆಗೆ ನೇಮಕವಾಗಿದ್ದಾಕೆ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್. ಹಳ್ಳಿಹಳ್ಳಿಗೂ ತರಬೇತಾದ ದಾದಿಯರನ್ನು ಕಳಿಸಿ, 1911ರಿಂದ ಒಂದು ನಿಯಮ ಮಾಡಿದರು. ಮಗು ಹುಟ್ಟಿದ ಕೂಡಲೇ ತೂಕ ಬರೆಯಬೇಕು. ವರ್ಷದುದ್ದಕ್ಕೂ ಆ ಮನೆಗೆ ಹೋಗಿ ಬರುತ್ತಿರಬೇಕು. ಎದೆಹಾಲೋ ಬಾಟಲಿ ಹಾಲೋ, ಏನೇನು ಕಾಯಿಲೆ ಬಂತು, ಒಂದು ವರ್ಷ ತುಂಬಿದಾಗ ತೂಕ ಎಷ್ಟು, ಎಲ್ಲವನ್ನೂ ದಪ್ಪ ಪುಸ್ತಕಗಳಲ್ಲಿ ದಾಖಲಿಸಬೇಕು. ಈ ಕೆಲಸ 1948ರವರೆಗೆ ನಡೆಯಿತು. ಮುಂದೊಂದು ದಿನ ಇದರಿಂದ ಹೃದ್ರೋಗದ ಗುಟ್ಟು ತಿಳಿಯುತ್ತದೆ ಎಂದು ಆ ದಾದಿಯರಿಗೆ ಎಲ್ಲಿ ಗೊತ್ತಿರಬೇಕು! ಮಕ್ಕಳು ಬದುಕಲಿ ಎಂದು ಬರೆದರು, ಅಷ್ಟೆ.

ಬಾರ್ಕರ್ ಅವರ ತಂಡ ದೇಶವೆಲ್ಲ ಹುಡುಕಿ ಈ ಪುಸ್ತಕಗಳನ್ನು ಪತ್ತೆ ಮಾಡಿತು. 1911ರಿಂದ 1930ರೊಳಗೆ ಹುಟ್ಟಿದ 5654 ಗಂಡಸರ ಲೆಕ್ಕ ಸಿಕ್ಕಿತು. ಗಂಡಸರದ್ದು ಮಾತ್ರ ಯಾಕೆ ಅಂತೀರಾ? ಹೆಣ್ಣುಮಕ್ಕಳ ಹೆಸರು ಮದುವೆಯಾದ ಮೇಲೆ ಬದಲಾಗಿ, ಅವರನ್ನು ಹುಡುಕುವುದೇ ಕಷ್ಟವಾಯಿತು! (ಗಂಡನ ಮನೆಗೆ ಹೋದ ಮೇಲೆ ಹೆಣ್ಣಿನ ಗುರುತು ಅಳಿಸುವುದು ನಮ್ಮಲ್ಲಿ ಮಾತ್ರ ಅಲ್ಲ ನೋಡಿ.) ಪಟ್ಟು ಬಿಡದೆ ಹೆಂಗಸರನ್ನೂ ಹುಡುಕಿ 1993ರಲ್ಲಿ ಅವರ ಲೆಕ್ಕವನ್ನೂ ಕೊಟ್ಟರು.

ಗಂಡಸರ ಫಲಿತಾಂಶ ಬಂದದ್ದು 1989ರಲ್ಲಿ. ದೇಶದ ಸರಾಸರಿ ಹೃದ್ರೋಗ ಸಾವು ನೂರು ಎಂದಿಟ್ಟುಕೊಳ್ಳಿ. ಒಂದು ವರ್ಷದ ಕೂಸಾಗಿದ್ದಾಗ ಎಂಟು ಕೆಜಿ ಆಸುಪಾಸು ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಅದು 111. ಹನ್ನೆರಡು ಕೆಜಿ ದಾಟಿದ್ದವರಲ್ಲಿ ಬರೀ 42. ಹುಟ್ಟಿದಾಗಲೂ ಸಣ್ಣವು, ವರ್ಷ ತುಂಬಿದಾಗಲೂ ಸಣ್ಣವು ಆಗಿದ್ದ ಮಕ್ಕಳೇ ಮುಂದೆ ಹೆಚ್ಚು ಅಪಾಯಕ್ಕೆ ಒಳಗಾದವರು. ಇವರಲ್ಲಿ ನೂರಕ್ಕೆ 92 ಮಂದಿ ಎದೆಹಾಲು ಕುಡಿದವರೇ. ಅಂದಮೇಲೆ ಬಾಟಲಿ ಹಾಲಿನ ಮೇಲೆ ತಪ್ಪು ಹೊರಿಸಿ ಕೈತೊಳೆಯುವ ಹಾಗೂ ಇರಲಿಲ್ಲ.

ಮೈಸೂರಿನ ಮಿಷನ್ ಆಸ್ಪತ್ರೆಯ ಪುಸ್ತಕಗಳು

ಇಂಗ್ಲೆಂಡಿನ ಬಿಳಿಯರ ವಿಷಯ ಇದು, ನಮಗೇನು? ಈ ಪ್ರಶ್ನೆ ಸೌತಾಂಪ್ಟನ್ನಿನವರಿಗೂ ಬಂದಿತ್ತು. ಭಾರತದಲ್ಲಿ ಕೂಸುಗಳು ಸಣ್ಣವು, ಸಕ್ಕರೆ ಕಾಯಿಲೆ ಮತ್ತು ಹೃದ್ರೋಗ ಎರಡೂ ವಿಪರೀತ. ಇಲ್ಲಿ ಪರೀಕ್ಷಿಸದೆ ಮಾತು ನಿಲ್ಲುವುದಿಲ್ಲ. ಆದರೆ ಹಳೆಯ ಹೆರಿಗೆ ದಾಖಲೆಯನ್ನು ಜೋಪಾನವಾಗಿಟ್ಟ ಆಸ್ಪತ್ರೆ ಸಿಗಬೇಕಲ್ಲ?

ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಮೈಸೂರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1906ರಲ್ಲಿ ಶುರುವಾದದ್ದು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ, ಬಸುರಿಯಾಗಿದ್ದಾಗಿನ ತಾಯಿಯ ತೂಕ, ಎಲ್ಲವೂ ಅಚ್ಚುಕಟ್ಟಾಗಿ ಉಳಿದಿದ್ದವು. ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಅವರ ಜೊತೆಯವರು, ಆಸ್ಪತ್ರೆಯ ವೈದ್ಯರೊಂದಿಗೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಊರಲ್ಲೇ ಉಳಿದವರನ್ನು ಹುಡುಕಿದರು. 517 ಗಂಡಸರು ಹೆಂಗಸರು ಸಿಕ್ಕರು. ಅವರ ಹೃದಯದ ಪರೀಕ್ಷೆ ಮಾಡಿದರು.

1996ರಲ್ಲಿ ಬಂದ ಉತ್ತರ ಇದು. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ಕಾಯಿಲೆ ಇತ್ತು. ಮೂರು ಕೆಜಿಗೂ ಮೇಲ್ಪಟ್ಟು ಹುಟ್ಟಿದವರಲ್ಲಿ ನೂರಕ್ಕೆ 3. ಇನ್ನೊಂದು ಸಂಗತಿಯನ್ನು ಸ್ವಲ್ಪ ನಿಂತು ಓದಿ. ತಾನೂ ಸಣ್ಣದಾಗಿ ಹುಟ್ಟಿ, ತಾಯಿಯೂ ಬಸುರಿಯಲ್ಲಿ 45 ಕೆಜಿಗಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 20. ಐವರಲ್ಲಿ ಒಬ್ಬರು! ನಲವತ್ತರ ದಶಕದಲ್ಲಿ ಯಾವುದೋ ವಠಾರದಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಂಡ ಬಸುರಿಯೊಬ್ಬಳ ಹಸಿವು, ತೊಂಬತ್ತರ ದಶಕದಲ್ಲಿ ಅವಳ ಮಗನ ಎದೆಯಲ್ಲಿ ಕಾಣಿಸಿಕೊಂಡ ಹಾಗಾಯಿತು.

ಆದರೆ ಸಕ್ಕರೆ ಕಾಯಿಲೆಯ ಲೆಕ್ಕ ಬೇರೆಯೇ ಬಂತು. ಮೈಸೂರಿನಲ್ಲಿ ಆ ಕಾಯಿಲೆ ಹೆಚ್ಚು ಕಂಡದ್ದು ಗಿಡ್ಡವಾಗಿ, ಉಬ್ಬಿಕೊಂಡು ಹುಟ್ಟಿದವರಲ್ಲಿ. ಅವರ ತಾಯಂದಿರು ತೂಕವುಳ್ಳವರು. ತಾಯಿಗೆ ಬಸುರಿಯಲ್ಲಿ ಸಕ್ಕರೆ ಏರಿದ್ದಿರಬಹುದೇ ಎಂಬ ಅನುಮಾನದಿಂದ, ಅದೇ ಆಸ್ಪತ್ರೆಯಲ್ಲಿ 1997ರಿಂದ ಹೊಸ ಅಧ್ಯಯನ ಹಿಡಿದರು. ಪಾರ್ಥೆನಾನ್ ಅಧ್ಯಯನ ಅಂತ ಅದರ ಹೆಸರು. 830 ಬಸುರಿಯರನ್ನು ಸೇರಿಸಿಕೊಂಡು ಸಕ್ಕರೆ ಪರೀಕ್ಷೆ ಮಾಡಿದಾಗ, ನೂರಕ್ಕೆ ಆರು ಮಂದಿಗೆ ಗರ್ಭಿಣಿ ಸಕ್ಕರೆ ಇತ್ತು. ಡಾ. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳನ್ನು ವರ್ಷ ವರ್ಷವೂ ಬಿಡದೆ ನೋಡುತ್ತಾ ಬಂದರು. ಐದು ವರ್ಷಕ್ಕೇ ಅಂಥ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚು ಕಂಡಿತು. ಅದೇ ಬಸುರಿಯರ ರಕ್ತದಲ್ಲಿ ಬಿ ಹನ್ನೆರಡು ಜೀವಸತ್ವ ನೂರಕ್ಕೆ 43 ಜನರಲ್ಲಿ ಕಡಿಮೆ ಇತ್ತು. ಇದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಇರುವಂಥದ್ದು. ಸೊಪ್ಪು, ಬೇಳೆಯಲ್ಲಿ ಇಲ್ಲ. ಸಸ್ಯಾಹಾರಿ ಮನೆಯಲ್ಲಿ ಗಟ್ಟಿ ಮೊಸರು ಗಂಡಸರಿಗೆ, ಮಕ್ಕಳಿಗೆ ಆಗಿ, ನೀರು ಮಜ್ಜಿಗೆ ಸೊಸೆಗೆ ಉಳಿದರೆ ಏನಾಗುತ್ತದೆ ಎಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ಈ ವಿದ್ಯೆಯ ಮೊದಲ ವಿಶ್ವ ಸಮ್ಮೇಳನ ಸೇರಿದ್ದೂ ಲಂಡನ್ನಿನಲ್ಲಲ್ಲ, ನಮ್ಮ ಮುಂಬಯಿಯಲ್ಲಿ, 2001ರಲ್ಲಿ.

ಕೂಸು ಹೊರಗಿನ ಲೋಕವನ್ನು ಹೇಗೆ ಊಹಿಸುತ್ತದೆ?

ಇಲ್ಲಿಯವರೆಗೆ ಪರಿಸರ ಆಯಿತು, ರೋಗದ ಲೆಕ್ಕ ಆಯಿತು. ಮೂರನೆಯ ಎಳೆ ಜೀವವಿಕಾಸದ್ದು. ಡಾರ್ವಿನ್ನಿಗೂ ಹೃದಯಾಘಾತಕ್ಕೂ ಎಲ್ಲಿಯ ನಂಟು ಅನ್ನಿಸಬಹುದು. ನನಗಂತೂ ಈ ಭಾಗವೇ ಎಲ್ಲಕ್ಕಿಂತ ಸ್ವಾರಸ್ಯ.

ತಿಂಗಳ ಕೊನೆ, ಕೈಯಲ್ಲಿ ಕಾಸಿಲ್ಲ. ನೀವು ಏನು ಮಾಡುತ್ತೀರಿ? ಮೊದಲು ಅಕ್ಕಿ ಬೇಳೆ, ಮನೆ ಬಾಡಿಗೆ, ಮಕ್ಕಳ ಫೀಸು. ಸೋರುವ ಹೆಂಚು ಮುಂದಿನ ತಿಂಗಳಿಗೆ. ಒಡಲಿನ ಕೂಸೂ ಹಾಗೇ ಸಂಸಾರ ತೂಗಿಸುತ್ತದೆ. ತಾಯಿಯಿಂದ ಬರುವ ಸಾಮಗ್ರಿ ಸಾಲದಿದ್ದಾಗ ಮೆದುಳಿಗೆ ಮೊದಲ ಪಾಲು. ಸ್ನಾಯು, ಮೂತ್ರಪಿಂಡ, ಮೇದೋಜೀರಕಕ್ಕೆ ಉಳಿದದ್ದು. ಮೂತ್ರಪಿಂಡದಲ್ಲಿ ರಕ್ತ ಸೋಸುವ ಪುಟ್ಟ ಜರಡಿಗಳಿವೆಯಲ್ಲ, ಅವು ಹುಟ್ಟುವ ಹೊತ್ತಿಗೆ ಎಷ್ಟು ಆದವೋ ಅಷ್ಟೇ. ಆಮೇಲೆ ಹೊಸದು ಬರುವುದಿಲ್ಲ. ಮನೆಯ ಹೆಂಚನ್ನಾದರೂ ಮುಂದಿನ ತಿಂಗಳು ಹೊದಿಸಬಹುದು, ಇದನ್ನು ಆಗದು. ಕಡಿಮೆ ಜರಡಿಗಳಿಂದ ಜೀವಮಾನವೆಲ್ಲ ದುಡಿಸಿದರೆ ರಕ್ತದೊತ್ತಡ ಏರುವ ಸಂಭವ ಹೆಚ್ಚು. ಬಾರ್ಕರ್ ಮತ್ತು ಕೇಂಬ್ರಿಜ್‌ನ ನಿಕ್ ಹೇಲ್ಸ್ 1992ರಲ್ಲಿ ಹೇಳಿದ್ದು ಇದನ್ನೇ: ಕೊರತೆಯಲ್ಲಿ ಬೆಳೆದ ಮೈ ಮಿತವ್ಯಯದ ಮೈ ಆಗುತ್ತದೆ.

ಪ್ರಕೃತಿ ಇಂಥ ಏರ್ಪಾಟು ಯಾಕೆ ಮಾಡಿತು? ಉತ್ತರ ಅಮೆರಿಕದ ಹುಲ್ಲುಗಾವಲಲ್ಲಿ ಒಂದು ಜಾತಿಯ ಇಲಿ ಇದೆ. ಹಗಲು ಕುಗ್ಗುತ್ತಿದೆ, ಅಂದರೆ ಚಳಿಗಾಲ ಹತ್ತಿರವಾಯಿತು ಎಂಬ ಸುಳಿವು ಬಸುರಿ ಇಲಿಯಿಂದ ಒಡಲ ಮರಿಗೆ ಮುಟ್ಟುತ್ತದೆ. ಶರತ್ಕಾಲದಲ್ಲಿ ಹುಟ್ಟುವ ಮರಿಗೆ ದಪ್ಪ ತುಪ್ಪಳ, ವಸಂತದಲ್ಲಿ ಹುಟ್ಟುವುದಕ್ಕೆ ತೆಳು ತುಪ್ಪಳ. ಹುಟ್ಟಿದ ದಿನದ ಹವೆ ಎರಡಕ್ಕೂ ಒಂದೇ ಇದ್ದರೂ! ಮರಿ ಬರಲಿರುವ ದಿನಗಳಿಗೆ ತಯಾರಾಗಿ ಬರುತ್ತದೆ. ಮನುಷ್ಯರಲ್ಲೂ ಇದಕ್ಕೆ ಉದಾಹರಣೆ ಉಂಟು. ಹುಟ್ಟುವಾಗ ಎಲ್ಲ ಕೂಸುಗಳಿಗೂ ಬೆವರಿನ ಗ್ರಂಥಿಗಳು ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿರುತ್ತವೆ. ಮೊದಲ ಮೂರು ವರ್ಷ ಸೆಕೆ ನಾಡಿನಲ್ಲಿ ಬೆಳೆದರೆ ಹೆಚ್ಚು ಗ್ರಂಥಿಗಳು ಕೆಲಸ ಶುರು ಮಾಡುತ್ತವೆ, ತಂಪು ನಾಡಿನಲ್ಲಿ ಕಡಿಮೆ. ಆಮೇಲೆ ಅದು ಬದಲಾಗದು.

ತಾಯಿಗೆ ಊಟ ಕಡಿಮೆಯಾದರೆ ಕೂಸಿನ ಮೈ ತಿಳಿದುಕೊಳ್ಳುವುದೇನು? “ಹೊರಗೆ ಬರಗಾಲವಿದೆ, ಸಿಕ್ಕ ತುತ್ತನ್ನು ಕೂಡಿಟ್ಟುಕೋ.” ಹೊರಗೂ ಬರಗಾಲವೇ ಇದ್ದರೆ ಈ ತಯಾರಿ ಜೀವ ಉಳಿಸುತ್ತದೆ. ಲಕ್ಷಾಂತರ ವರ್ಷ ಉಳಿಸಿದೆ. ತೊಂದರೆ ಬರುವುದು ಲೆಕ್ಕ ತಪ್ಪಿದಾಗ. ರಾಗಿ ಬೀಸಿ, ನೀರು ಸೇದಿ, ಮೈಲಿಗಟ್ಟಲೆ ನಡೆಯುವ ಬಾಳಿಗೆ ಸಿದ್ಧವಾದ ಮೈ, ಮಿಕ್ಸಿ, ಸ್ಕೂಟರು, ಟಿವಿ, ಬೇಕರಿ ಇರುವ ಪೇಟೆಗೆ ಬಂದು ಕೂತರೆ? ಕೂಡಿಡು ಎಂದು ಕಲಿತ ಮೈ ಕೂಡಿಡುತ್ತಲೇ ಹೋಗುತ್ತದೆ. ಸೌತಾಂಪ್ಟನ್ನಿನ ಮಾರ್ಕ್ ಹ್ಯಾನ್ಸನ್ ಮತ್ತು ನ್ಯೂಜಿಲೆಂಡಿನ ಪೀಟರ್ ಗ್ಲಕ್‌ಮನ್ ಈ ಹೊಂದಾಣಿಕೆ ತಪ್ಪುವಿಕೆಯ ಮೇಲೆ 2006ರಲ್ಲಿ ಪುಸ್ತಕವನ್ನೇ ಬರೆದರು. ಗ್ಲಕ್‌ಮನ್ ಅವರು ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಆರಂಭವಾದ ಲಿಗಿನ್ಸ್ ಸಂಸ್ಥೆಯ ಮೊದಲ ನಿರ್ದೇಶಕರು. ಸೌತಾಂಪ್ಟನ್ನಿನಲ್ಲೂ ಹ್ಯಾನ್ಸನ್ ಅವರ ಮುಂದಾಳ್ತನದಲ್ಲಿ ಇದಕ್ಕೆಂದೇ ಇನ್ನೊಂದು ಕೇಂದ್ರವಾಯಿತು. ಧೂಳಿನ ಲೆಕ್ಕಕ್ಕೆ ಹುಟ್ಟಿದ್ದು ಹೀಗೆ ಕವಲೊಡೆದು ಬೆಳೆಯಿತು.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಕೆಲಸವನ್ನೂ ಇಲ್ಲೇ ಹೇಳಬೇಕು. ಪುಣೆ ಸುತ್ತಲಿನ ಹಳ್ಳಿಗಳ ಕೂಸುಗಳು ಸರಾಸರಿ 2.7 ಕೆಜಿ, ಸೌತಾಂಪ್ಟನ್ನಿನವು 3.5 ಕೆಜಿ. ನಮ್ಮ ಕೂಸುಗಳಲ್ಲಿ ಮಾಂಸಖಂಡ ತೀರ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಅಷ್ಟಾಗಿ ಇಳಿದಿರಲಿಲ್ಲ. ನೋಡಲು ಬಡಕಲು, ಒಳಗೆ ಕೊಬ್ಬು. ಇದನ್ನು ತೋರಿಸಲು ಯಾಜ್ಞಿಕ್ ಅವರು ತಮ್ಮ ಮತ್ತು ಇಂಗ್ಲಿಷ್ ವೈದ್ಯ ಜಾನ್ ಯುಡ್ಕಿನ್ ಅವರ ಫೋಟೋವನ್ನು 2004ರಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆ ಇಬ್ಬರದೂ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರದು ನೂರಕ್ಕೆ 9, ಯಾಜ್ಞಿಕ್ ಅವರದು 21! “ನಮ್ಮವರು ಸಣ್ಣಗಿದ್ದಾರೆ, ಅವರಿಗೆಲ್ಲಿಯ ಸಕ್ಕರೆ ಕಾಯಿಲೆ” ಎನ್ನುವವರಿಗೆ ಈ ಫೋಟೋ ತೋರಿಸಬೇಕು.

ಹಾಗಾದರೆ ತಾಯಿಯದೇ ತಪ್ಪೆ?

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಇದನ್ನು ಓದಿ ಯಾವ ಅತ್ತೆಯೂ ಸೊಸೆಗೆ, “ನೀನು ಸರಿಯಾಗಿ ಉಣ್ಣಲಿಲ್ಲ, ನನ್ನ ಮೊಮ್ಮಗುವಿಗೆ ಹೀಗಾಯ್ತು” ಎನ್ನಬಾರದು. ಸಣ್ಣದಾಗಿ ಹುಟ್ಟಿದವರಿಗೆಲ್ಲ ಹೃದ್ರೋಗ ಬರುವುದಿಲ್ಲ. ಮೈಸೂರಿನಲ್ಲಿಯೇ ನೂರಕ್ಕೆ 89 ಜನ ಚೆನ್ನಾಗಿದ್ದರಲ್ಲ! ವಂಶದ ಗುಣ, ಬೀಡಿ ಸಿಗರೇಟು, ನಡಿಗೆ, ಚಿಂತೆ, ಎಲ್ಲಕ್ಕೂ ಅದರದರ ಪಾಲಿದೆ. ತೂಕ ಒಂದು ಗುರುತು ಅಷ್ಟೆ, ಅದೇ ಎಲ್ಲವೂ ಅಲ್ಲ. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಭೀಕರ ಬರ ಬಿತ್ತು. ಆಗ ತಾನೇ ಬಸುರಾದವರು ಬರ ಮುಗಿದ ಮೇಲೆ ಚೆನ್ನಾಗಿ ಉಂಡು ತೂಕದ ಕೂಸುಗಳನ್ನೇ ಹೆತ್ತರು. ಆದರೂ ಆ ಮಕ್ಕಳಿಗೆ ಮುಂದೆ ಹೃದ್ರೋಗ ಹೆಚ್ಚಾಗಿಯೇ ಬಂತು. ಮೊದಲ ತಿಂಗಳುಗಳ ಕೊರತೆ ತಕ್ಕಡಿಗೆ ಸಿಕ್ಕಲಿಲ್ಲ.

ಇನ್ನೊಂದು ಸೋಜಿಗ. ಹೆಣ್ಣುಕೂಸು ತಾಯಿಯ ಒಡಲಲ್ಲಿ ಇರುವಾಗಲೇ ಅದರ ಅಂಡಗಳೆಲ್ಲ ಸಿದ್ಧವಾಗಿರುತ್ತವೆ. ಹಾಗೆಂದರೆ, ಇವತ್ತು ನಿಮ್ಮ ಮಗಳು ಹೊತ್ತಿರುವ ಕೂಸಿನ ಬೀಜ ರೂಪುಗೊಂಡದ್ದು, ನೀವು ನಿಮ್ಮ ಮಗಳನ್ನು ಹೊತ್ತಿದ್ದಾಗ, ನಿಮ್ಮ ಒಡಲಲ್ಲಿ. ಆಗ ನಿಮ್ಮ ತಟ್ಟೆಗೆ ಬಡಿಸುವವರು ಯಾರಿದ್ದರು, ಏನು ಬಡಿಸಿದರು ಅನ್ನುವುದೂ ಈ ಲೆಕ್ಕಕ್ಕೆ ಸೇರುತ್ತದೆ. ಹೀಗಿರುವಾಗ ಒಬ್ಬ ಬಸುರಿಯನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ಎಂಥ ನ್ಯಾಯ?

ನಮ್ಮ ದೇಶದಲ್ಲಿ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅರ್ಧಕ್ಕೂ ಹೆಚ್ಚು ಬಸುರಿಯರಿಗೆ ರಕ್ತಹೀನತೆ. ಸೀಮಂತಕ್ಕೆ ಐದು ಬಗೆಯ ಚಿತ್ರಾನ್ನ, ಹೋಳಿಗೆ ಮಾಡಿ, ಹಸಿರು ಬಳೆ ತೊಡಿಸಿ ಸಂಭ್ರಮಿಸುವ ನಾವೇ, “ಜಾಸ್ತಿ ತಿಂದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ” ಎಂದು ಉಳಿದ ದಿನ ತುತ್ತು ಎಣಿಸುತ್ತೇವೆ. ಇದೇನು ವಿಚಿತ್ರವೋ! ಸೀಮಂತದ ಒಂದು ದಿನದ ಹೋಳಿಗೆಗಿಂತ ದಿನಾ ಒಂದು ಬಟ್ಟಲು ಗಟ್ಟಿ ಮೊಸರು ದೊಡ್ಡದು.

ಮುಂಬಯಿಯ ತಿಂಡಿ

ತಿನ್ನಿಸಿದರೆ ನಿಜವಾಗಿಯೂ ಫಲ ಇದೆಯೇ? ಪುಣೆಯ ಹಳ್ಳಿಗಳಲ್ಲಿ ಹಸಿರು ಸೊಪ್ಪು, ಹಣ್ಣು, ಹಾಲು ಹೆಚ್ಚಾಗಿ ಸೇವಿಸಿದ ಬಸುರಿಯರ ಕೂಸುಗಳು ದೊಡ್ಡವಾಗಿ ಹುಟ್ಟಿದ್ದವು. ಇದನ್ನು ಪರೀಕ್ಷಿಸಲು ಸೌತಾಂಪ್ಟನ್ನಿನವರೂ ಮುಂಬಯಿಯವರೂ ಕೂಡಿ 2006ರಲ್ಲಿ ಮುಂಬಯಿಯ ಕೊಳೆಗೇರಿಗಳಲ್ಲಿ ಕೆಲಸ ಆರಂಭಿಸಿದರು. ಮಾತ್ರೆ ಕೊಡಲಿಲ್ಲ. ಬೀದಿಬದಿಯ ಸಮೋಸದಂಥ ತಿಂಡಿಯನ್ನೇ ಸೊಪ್ಪು, ಹಣ್ಣು, ಹಾಲಿನ ಪುಡಿ ಹಾಕಿ ಮಾಡಿ, ಬಸುರಾಗುವ ಮೊದಲೇ ಶುರು ಮಾಡಿ, ದಿನಕ್ಕೊಂದು ತಿನ್ನಿಸಿದರು. ಇನ್ನೊಂದು ಗುಂಪಿಗೆ ಆಲೂಗಡ್ಡೆ, ಈರುಳ್ಳಿಯಂಥವುಗಳದ್ದು. ಆರು ಸಾವಿರಕ್ಕೂ ಹೆಚ್ಚು ಹೆಂಗಸರು ಇದರಲ್ಲಿ ಸೇರಿದ್ದರು.

ಎಲ್ಲರನ್ನೂ ಸೇರಿಸಿ ನೋಡಿದಾಗ ಕೂಸಿನ ತೂಕದಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಬಸುರಾಗುವ ಮೂರು ತಿಂಗಳಿಗೂ ಮೊದಲೇ ತಿಂಡಿ ಶುರು ಮಾಡಿದವರಲ್ಲಿ ಸುಮಾರು 48 ಗ್ರಾಂ ಹೆಚ್ಚಿತು. ಅದೂ ತೀರ ಬಡಕಲು ಮೈಯವರಿಗೆ ದಕ್ಕಲಿಲ್ಲ. ಕೇಳಿದರೆ ಬೇಸರವಾಗುತ್ತದೆ, ಇಷ್ಟೇನಾ ಅನ್ನಿಸುತ್ತದೆ. ಆದರೆ ಗರ್ಭಿಣಿ ಸಕ್ಕರೆ ಒಂದು ಗುಂಪಿನಲ್ಲಿ ನೂರಕ್ಕೆ 12 ಇದ್ದದ್ದು, ಸೊಪ್ಪು ಹಾಲಿನ ತಿಂಡಿ ತಿಂದವರಲ್ಲಿ 7ಕ್ಕೆ ಇಳಿದಿತ್ತು. ಇದೇನು ಕಡಿಮೆಯೇ?

ಇದರಿಂದ ನಮಗೆ ತಿಳಿಯುವುದು, ಬಸುರಿಯೆಂದು ಗೊತ್ತಾದ ಮೇಲೆ ಉಣಬಡಿಸಲು ಹೊರಟರೆ ತಡ. ಸೌತಾಂಪ್ಟನ್ನಿನವರು ಇದನ್ನು ಅರಿತೇ 1998ರಿಂದ ತಮ್ಮ ಊರಿನ ಹನ್ನೆರಡೂವರೆ ಸಾವಿರ ಹೆಂಗಸರನ್ನು ಬಸುರಾಗುವ ಮುಂಚೆಯೇ ಮಾತಾಡಿಸಿ ಅವರ ಊಟ, ಅಳತೆ ಬರೆದುಕೊಂಡರು. ನಮ್ಮಲ್ಲಿ ಆ ಕೆಲಸ ದೊಡ್ಡವಳಾದ ಹುಡುಗಿಯ ತಟ್ಟೆಯಿಂದಲೇ ಶುರುವಾಗಬೇಕು. ಅಣ್ಣನಿಗೆ ಎರಡು ಮೊಟ್ಟೆ, ತಂಗಿಗೆ ಒಂದು ಅನ್ನುವ ಮನೆಗಳು ಇನ್ನೂ ಇವೆ. ಕಾಲೇಜಿಗೆ ಹೊರಡುವ ಆತುರದಲ್ಲಿ ಬರೀ ಕಾಫಿ ಕುಡಿದು ಓಡುವ ಹುಡುಗಿಯರಂತೂ ಮನೆಮನೆಯಲ್ಲೂ.

ಮಾಡಬಹುದಾದದ್ದು ಕಷ್ಟದ್ದೇನಲ್ಲ. ನುಗ್ಗೆಸೊಪ್ಪು, ಹರಿವೆ, ದಂಟು, ಮೆಂತ್ಯ, ಯಾವುದಾದರೂ ಒಂದು ಸೊಪ್ಪು ದಿನವೂ ಇರಲಿ, ಬಸ್ಸಾರು ಮಾಡಿದರೆ ಪಲ್ಯವನ್ನೂ ಬಡಿಸಿ. ಜೊತೆಗೆ ನಿಂಬೆಹುಳಿ ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಹತ್ತುವುದಿಲ್ಲ. ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಬಿಡಬೇಡಿ. ಅಪ್ಪಟ ಸಸ್ಯಾಹಾರಿಗಳು ಬಿ ಹನ್ನೆರಡು ಪರೀಕ್ಷೆ ಮಾಡಿಸಬೇಕೆ ಎಂದು ಡಾಕ್ಟರನ್ನು ಕೇಳಿ. ಗರ್ಭಿಣಿ ಸಕ್ಕರೆ ಪರೀಕ್ಷೆಯನ್ನು “ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ” ಎಂದು ತಪ್ಪಿಸಬೇಡಿ. ಎರಡು ಜೀವಕ್ಕೆ ಊಟ ಅಂತ ಲಾಡು, ತುಪ್ಪ ತುರುಕುವುದೂ ಬೇಡ, ಮೈಸೂರಿನ ಆ ಉಬ್ಬಿದ ಕೂಸುಗಳ ಕಥೆ ನೆನಪಿರಲಿ. ಅಂಗನವಾಡಿಗೆ ಹೋಗುವುದು ಬಡವರ ಕೆಲಸ ಎಂಬ ಬಿಂಕ ಬಿಡಿ. ಬಸುರಿ ಬಾಣಂತಿಯರಿಗೆ ದಿನವೂ ಒಂದು ಪೂರ್ತಿ ಊಟ ಸಿಗಲಿ ಎಂದೇ ಕರ್ನಾಟಕ ಸರಕಾರ 2017ರಲ್ಲಿ ಮಾತೃಪೂರ್ಣ ಯೋಜನೆ ತಂದದ್ದು.

ಇನ್ನು ಹುಟ್ಟಿದ ಕೂಸಿನ ತಾಯಿ ಕಾರ್ಡನ್ನು ಚುಚ್ಚುಮದ್ದು ಮುಗಿದ ಮೇಲೆ ಹಳೆ ಪೇಪರಿನ ಜೊತೆ ಹಾಕುತ್ತಾರಲ್ಲ, ಅದನ್ನು ಮಾಡಬೇಡಿ. ಮಗುವಿನ ಜಾತಕ ಬರೆಸಿಟ್ಟ ಪುಸ್ತಕದಲ್ಲೇ, ನಕ್ಷತ್ರ ರಾಶಿಯ ಕೆಳಗೆ, ಹುಟ್ಟಿದ ತೂಕ, ಉದ್ದ, ಒಂದು ವರ್ಷಕ್ಕೆ ತೂಗಿದ ತೂಕ ಬರೆಯಿರಿ. ಬಸುರಿಯಲ್ಲಿ ನಿಮ್ಮ ತೂಕ ಎಷ್ಟಿತ್ತು, ಸಕ್ಕರೆ, ರಕ್ತದೊತ್ತಡ ಇತ್ತೇ ಎಂಬುದನ್ನೂ ಬರೆಯಿರಿ. ಮಗಳು ಮದುವೆಯಾಗಿ ಹೋಗುವಾಗ ಆ ಹಾಳೆಯ ಒಂದು ಪ್ರತಿ ಅವಳ ಕೈಗೆ ಕೊಡಿ. ಅವಳನ್ನು ನೋಡುವ ಡಾಕ್ಟರಿಗೆ ಜಾತಕ ಬೇಕಾಗದೆ ಇರಬಹುದು, ಇದು ಬೇಕಾಗುತ್ತದೆ.